ಬಾವಿಯಲ್ಲೇ ಉಳಿದ ಬಿಂದಿಗೆ

ತುಮಕೂರಿನ ಮಠದ ಹಾಸ್ಟೆಲ್‌ನಲ್ಲಿ ಇದ್ದ ಒಬ್ಬನೇ ಕ್ರಿಶ್ಚಿಯನ್ ಹುಡುಗ ನನ್ನ ರೂಂಮೇಟ್. ಇಂಗ್ಲಿಷ್ ಗಿಟಾರ್ ಹಾಡುಗಳ ಕ್ಯಾಸೆಟ್ ಕೇಳುತ್ತಾ, ಅರ್ಥವಾಗದ ಸಾಲು ಸಿಕ್ಕರೆ ಸಾಕು, ಅದರೊಳಗಿಂದ ಯೇಸುವನ್ನು ಎಳೆದು ತರುತ್ತಿದ್ದ. ನನಗೆ ಮೈಯೆಲ್ಲ ಉರಿ. ಒಂದು ದಿನ ‘ಹಗ್ಗ ಹರಿಯಿತು, ಬಿಂದಿಗೆ ಬಾವಿಯಲ್ಲೇ ಉಳಿಯಿತು’ ಎಂದು ಇಂಗ್ಲಿಷಿನಲ್ಲಿ ನಾನೇ ಬರೆದು, ಅದೂ ಅಂಥದೇ ಒಂದು ಹಾಡೆಂದು ಕೊಟ್ಟೆ. ಬಾವಿ ಯೇಸುವಿನ ಸಮಾಧಿ, ಮೂರನೇ ದಿನ ಬಿಂದಿಗೆ ಮೇಲೆ ಬರುತ್ತದೆ ಎನ್ನುವಾಗ ಅವನ ಕಣ್ಣು ತುಂಬಿತ್ತು.

‘ಅದು ನಮ್ಮ ಹಾಸ್ಟೆಲ್ ಬಾವಿ ಕಣೋ. ಬರ್ದವ್ನು ನಾನು’ ಅಂದೆ. ರೂಮಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಸಂಜೆ ಪ್ರಾರ್ಥನೆಯಲ್ಲಿ ಅವನು ಎದ್ದುನಿಂತು, ಅದೇ ಸಾಲನ್ನು ಕನ್ನಡದಲ್ಲಿ ಹೇಳಿ, ‘ಇದ್ಯಾವ್ದೋ ಬೆಡಗಿನ ವಚನ ಸಾರ್, ಅರ್ಥ ಹೇಳ್ಕೊಡಿ’ ಎಂದು ವಾರ್ಡನ್‌ರನ್ನು ಕೇಳಿದ. ಬಾವಿ ಸಂಸಾರ, ಬಿಂದಿಗೆ ಜೀವ, ಎತ್ತುವವನು ಶಿವ ಎಂದು ಅವರು ಅರ್ಧ ಗಂಟೆ ಬಿಡಿಸಿದರು. ಯಾರೂ ನಗಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ.

ಎಲ್ಲರಿಗಿಂತ ಮೊದಲು ಕೈಮುಗಿದವನು ನಾನು.