ಆಡಿದ್ದನ್ನು ಅಳಿಸುವ ವ್ಯಾಕರಣ

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಒಂದು ವ್ಯಾಕರಣಕ್ಕೆ ಮನಸೋತೆ. ಮುಚ್ಚಿಡುವುದೇನಿಲ್ಲ, ಮನೆಯವಳಿಗೂ ಗೊತ್ತಿದೆ. ಕೊಲ್ಲಿ ನಾಡಿನಲ್ಲಿ, ಅಲ್ ರಯ್ಯಾನಿನ ನಮ್ಮ ಫ್ಲಾಟಿಗೆ ಇಂಟರ್ನೆಟ್ ಬಂದ ವರ್ಷ ಎಲ್ಲರೂ ಅದರಲ್ಲಿ ಊರಿನ ಸುದ್ದಿ ಹುಡುಕಿದರು. ನನಗೆ ಸಿಕ್ಕಿದ್ದು ಲೋಜ್‌ಬಾನ್. ತರ್ಕ ಬಲ್ಲವರು ಕೂತು ಕಟ್ಟಿದ ಭಾಷೆ. ಅದರ ಒಂದು ವಾಕ್ಯವನ್ನು ಎರಡು ರೀತಿಯಲ್ಲಿ ಬಿಡಿಸಲು ಬರುವುದೇ ಇಲ್ಲವಂತೆ.

ಏನು ಶಿಸ್ತು ಅಂತೀರಿ! ‘ಹೋಗು’ ಎಂಬ ಒಂದೇ ಪದಕ್ಕೆ ಐದು ಎಲೆ ಹಾಕಿಟ್ಟಿದ್ದಾರೆ: ಹೋಗುವವನು, ಸೇರುವ ಜಾಗ, ಹೊರಟ ಜಾಗ, ದಾರಿ, ವಾಹನ. ಉಣ್ಣಲು ಯಾರೂ ಬಾರದಿದ್ದರೆ ಎಲೆ ಖಾಲಿ, ಪಂಕ್ತಿ ಮಾತ್ರ ಕದಲುವಂತಿಲ್ಲ. ಹೆಸರುಗಳು ವ್ಯಂಜನದಲ್ಲೇ ಮುಗಿಯಬೇಕು. ಹೀಗಾಗಿ ಗೆಳೆಯ ಲಾರೆನ್ಸ್ ಸಲೀಸಾಗಿ ಒಳಗೆ ಹೋದರು. ವಾಸುದೇವನಾದ ನಾನು ಬಾಗಿಲಲ್ಲೇ ಒಂದು ‘ಸ್’ ಅಂಟಿಸಿಕೊಳ್ಳಬೇಕಾಯಿತು.

ಇವೆಲ್ಲದರ ಮುಕುಟ ‘ಸು’. ‘ಸಿ’ ಎಂದರೆ ಈಗಷ್ಟೇ ಆಡಿದ ಒಂದು ಪದ ಅಳಿದಂತೆ. ‘ಸು’ ಎಂದರೆ ಆಡಿದವನ ಮಾತೆಲ್ಲ ಅಳಿದಂತೆ, ಅದೂ ವ್ಯಾಕರಣಬದ್ಧವಾಗಿ! ಸಂಧಿ ಸಮಾಸಗಳಲ್ಲಿ ಬಾಲ್ಯ ಸವೆಸಿದ ನನಗೆ ಇಂಥ ಸೂತ್ರವನ್ನು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಗೌರವದಿಂದ ಎದ್ದುನಿಂತು ಓದಿದೆ.

ನನಗೆ ಅದರ ತುರ್ತೂ ಇತ್ತು. ಹಿಂದಿನ ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಲಾರೆನ್ಸರು ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದರು. ಆಮೇಲೆ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆಂದು ತಾವು ಬರೆದ ನಾಟಕ ಓದಿದರು. ಅಲ್ ಸದ್ದ್ ಬಡಾವಣೆಯ ನಮ್ಮ ಆಫೀಸಿನಲ್ಲಿ ನಕ್ಷೆ, ಕಾಗದಪತ್ರ ಕಾಯುವ ಡಾಕ್ಯುಮೆಂಟ್ ಕಂಟ್ರೋಲರ್ ಅವರು. ನನಗೆಂದೇ ಮಾಡಿಸಿದ್ದ ಸೊಪ್ಪಿನ ಸಾರು ಉಂಡ ಬಾಯಿಂದ ನಾನು, “ಇದಕ್ಕಿಂತ ನಿಮ್ಮ ಫೈಲುಗಳ ಪಟ್ಟಿಯಲ್ಲಿ ಹೆಚ್ಚು ಕಥೆಯಿದೆ” ಎಂದುಬಿಟ್ಟೆ. ಎಂಟು ಜನ ನಕ್ಕರು. ಅವರೂ ನಕ್ಕು ಹಾಳೆ ಮಡಿಸಿಟ್ಟರು. ಮರುದಿನ ನಾಟಕ ಇಲ್ಲವೆಂದು ಸಂಘಕ್ಕೆ ತಿಳಿಸಿದರು. ಬೆಳಿಗ್ಗೆ ನನ್ನನ್ನು ತಮ್ಮ ಕಾರಿನಲ್ಲಿ ಆಫೀಸಿಗೆ ಕರೆದೊಯ್ಯುವುದನ್ನು ಬಿಡಲಿಲ್ಲ, ಮಾತು ಬಿಟ್ಟರು. ದಾರಿಯುದ್ದಕ್ಕೂ ರೇಡಿಯೋದಲ್ಲಿ ಅರಬ್ಬಿ ವಾರ್ತೆ ಕೇಳುತ್ತಿದ್ದೆವು. ಇಬ್ಬರಿಗೂ ಅರ್ಥವಾಗುತ್ತಿರಲಿಲ್ಲ.

‘ಸು’ ಓದಿದ ಮರುದಿನ, ಕಾರು ರೌಂಡಬೌಟಿನಲ್ಲಿ ಸಿಕ್ಕಿಕೊಂಡಾಗ, ಗಂಟಲು ಸರಿಮಾಡಿಕೊಂಡು ವಿಧಿವತ್ತಾಗಿ “ಸು” ಎಂದೆ. ತಿರುಗಿ ನೋಡಿದರು. ಐದು ಎಲೆಗಳಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ.

“ಅಳಿಸ್ಲಿಕ್ಕೆ ಇಲ್ಲ ಭಟ್ರೆ,” ಅಂದರು. “ನಮ್ಮಲ್ಲಿ ತಪ್ಪಿದ ನಕ್ಷೆ ಹರಿದುಹಾಕುವ ಕ್ರಮ ಇಲ್ಲ. ರದ್ದು ಅಂತ ಸೀಲ್ ಹೊಡೆದು ಫೈಲಲ್ಲೇ ಇಡುದು. ಅದರ ಮೇಲೆ ತಿದ್ದಿದ ಹೊಸ ರಿವಿಷನ್ ಬರ್ಬೇಕು.”

ತರ್ಕಪಂಡಿತರಿಗೂ ಹೊಳೆಯದ ಸೂತ್ರ! ಅಲ್ಲಿಯೇ ಹೊಸ ರಿವಿಷನ್ ಸಲ್ಲಿಸಿದೆ: ಎರಡನೆಯ ಅಂಕದಲ್ಲಿ ಮುದುಕ ಅಂಬಿಗ ದೋಣಿ ಮಾರುವಾಗ ನನ್ನ ಕಣ್ಣು ಒದ್ದೆಯಾಗಿತ್ತು, ಎಂಟು ಜನರ ಮುಂದೆ ಅದನ್ನು ಮರೆಮಾಡಲು ಹಾಗೆ ಅಂದೆ.

“ಇದನ್ನು ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ್ರೆ,” ಎಂದು ರೇಡಿಯೋ ಬಂದ್ ಮಾಡಿದರು.

ನಾಟಕ ನಡೆಯಿತು. ನನಗೂ ಒಂದು ಪಾತ್ರ ಸಿಕ್ಕಿತು: ರಂಗದ ಮೂಲೆಯಲ್ಲಿ ನಿಂತು ಫೈಲುಗಳ ಪಟ್ಟಿ ಓದುವ ಗುಮಾಸ್ತ. ಜನ ಬಿದ್ದು ಬಿದ್ದು ನಕ್ಕರು. ಮೊದಲ ಪ್ರತಿಯಲ್ಲಿ ಅಂಥ ಪಾತ್ರವೇ ಇರಲಿಲ್ಲ.