ಪರಮೇಶಪ್ಪನವರು ಬರೆದ ಗಂಟೆ

ಕೊರಳಿಗೆ ಹಾಕಿಕೊಂಡ ಗುರುತಿನ ಚೀಟಿಯನ್ನು ಪರಮೇಶಪ್ಪನವರು ತೆಗೆಯುತ್ತಿದ್ದದ್ದು ಸ್ನಾನಕ್ಕೆ ಹೋಗುವಾಗ ಮಾತ್ರ. ಇದನ್ನು ಹೇಳಿದ್ದು ಅವರ ಹೆಂಡತಿಯೇ. ಮದುವೆ ಮನೆಗೆ ಹೋದರೆ ರೇಷ್ಮೆ ಪಂಚೆ, ಬಿಳಿ ಶರ್ಟು, ಅದರ ಮೇಲೆ ನೀಲಿ ದಾರದಲ್ಲಿ ಆ ಚೀಟಿ. ಸಾವಿನ ಮನೆಗೆ ಹೋದರೂ ಅದೇ. ಚೀಟಿಯಲ್ಲಿ ಆಸ್ಪತ್ರೆಯ ಹೆಸರು ದೊಡ್ಡ ಅಕ್ಷರದಲ್ಲಿತ್ತು, 'ಸ್ಟಡಿ ಕೋಆರ್ಡಿನೇಟರ್' ಎಂಬುದು ಸಣ್ಣ ಅಕ್ಷರದಲ್ಲಿತ್ತು. ಜನ ದೊಡ್ಡದನ್ನು ಓದಿ ಇವರು ಡಾಕ್ಟರೇ ಅಂದುಕೊಳ್ಳುತ್ತಿದ್ದರು. ಅಲ್ಲ ಎಂದು ಹೇಳುವುದಕ್ಕೆ ಆ ಮನುಷ್ಯನಿಗೆ ಒಂದು ದಿನವೂ ಪುರುಸೊತ್ತು ಸಿಗಲಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತವರ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಒಸಿ ಕಮ್ಮಿ ಐತೆ ಕಣ್ರೀ, ಬೀಟ್ರೂಟ್ ತಿನ್ನಿ" ಅನ್ನುವರು. ಆಮೇಲೆ ಅದೇ ಕೈಯಲ್ಲಿ ಹೋಳಿಗೆ ಮುರಿಯುವರು.

ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ನಾನು ಅವರ ಕೈಕೆಳಗೆ ಹದಿನೈದು ತಿಂಗಳು ಕೆಲಸ ಮಾಡಿದೆ. ಆಸ್ಪತ್ರೆಯ ಹೆಸರು ಬೇಡ. ನಾನು ನರ್ಸು. ನಮ್ಮದು ಲಕ್ವದ ಮೇಲಿನ ಅಧ್ಯಯನ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಕಟ್ಟಿಕೊಂಡು ಕೈಕಾಲು ಬಿದ್ದುಹೋದವರು ಎಷ್ಟು ಹೊತ್ತಿಗೆ ಆಸ್ಪತ್ರೆ ಸೇರುತ್ತಾರೆ, ಅವರಿಗೆ ಏನು ಚಿಕಿತ್ಸೆ ಸಿಗುತ್ತದೆ, ಮೂರು ತಿಂಗಳಾದ ಮೇಲೆ ಹೇಗಿರುತ್ತಾರೆ, ಇಷ್ಟನ್ನು ಬರೆದಿಡುವುದು. ಕೇಳುವುದಕ್ಕೆ ಸುಲಭ. ಆದರೆ ಇದರಲ್ಲಿ ಒಂದು ಖಾನೆ ಇತ್ತು, ಅದು ಜೀವದ ಖಾನೆ. ರೋಗಿ ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ? ಆ ಗಂಟೆಯಿಂದ ನಾಲ್ಕೂವರೆ ತಾಸಿನೊಳಗೆ ಬಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ದಾಟಿದರೆ ನಮ್ಮಲ್ಲಿ ಕೊಡುತ್ತಿರಲಿಲ್ಲ, ಮೆದುಳಿನಲ್ಲಿ ರಕ್ತ ಸೋರುವ ಭಯ. ಕ್ಯಾಶುವಾಲ್ಟಿಯಲ್ಲಿ ಇದ್ದದ್ದು ಒಬ್ಬರೇ ಡಾಕ್ಟರ್ ಮೇಡಂ. ಬಾಗಿಲಲ್ಲೇ ಮನೆಯವರನ್ನು ವಿಚಾರಿಸಿ ಗಂಟೆ ಹೇಳುವ ಕೆಲಸ ಪರಮೇಶಪ್ಪನವರದು.

ಅದಕ್ಕೂ ಮುಂಚೆ ಅವರು ಔಷಧಿ ಕಂಪನಿಯ ರೆಪ್ ಆಗಿದ್ದವರು. ಚೀಲ ಹಿಡಿದು ಡಾಕ್ಟರುಗಳ ಬಾಗಿಲಲ್ಲಿ ಕಾದು ಕಾದು, ಎಂಥ ಪ್ರಶ್ನೆಗೂ ತಡಮಾಡದೆ ಉತ್ತರ ಹೇಳುವುದನ್ನು ಕಲಿತಿದ್ದರು. ಉತ್ತರ ಸರಿಯಿರಬೇಕು ಎಂಬುದನ್ನು ಯಾರೂ ಕಲಿಸಿರಲಿಲ್ಲ. "ಫಾರಂ ಅಂದ್ರೆ ಬಾಳೆಲೆ ಕಣಮ್ಮ, ಎಲ್ಲೂ ಖಾಲಿ ಕಾಣಬಾರ್ದು" ಎಂದು ಮೊದಲ ದಿನವೇ ನನಗೆ ಉಪದೇಶ ಮಾಡಿದರು. ಖಾಲಿ ಕಂಡದ್ದನ್ನು ತಾವೇ ತುಂಬುತ್ತಿದ್ದರು. ರೋಗಿಯ ತೂಕ ಗೊತ್ತಿಲ್ಲದಿದ್ದರೆ ದೂರದಿಂದ ಒಂದು ಸಲ ನೋಡಿ, "ಅರವತ್ತೈದು ಹಾಕು" ಅನ್ನುವರು.

ಮೂರು ತಿಂಗಳ ವಿಚಾರಣೆಯನ್ನು ಫೋನಿನಲ್ಲೇ ಮುಗಿಸುತ್ತಿದ್ದರು. ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯ ಹಳ್ಳಿಗಳಿಗೆಲ್ಲ ಹೋಗಿ ನೋಡಬೇಕೆಂದು ನಿಯಮವಿತ್ತು, ಅದಕ್ಕೆ ಜೀಪೂ ಇತ್ತು. ಇವರು ಟೇಬಲ್ಲಿನ ಮೇಲೆ ಮಂಡಕ್ಕಿ ಹರವಿಕೊಂಡು ಕೂತು ಒಂದೊಂದೇ ನಂಬರು ಒತ್ತುವರು. "ಓಡಾಡ್ತವ್ರಾ? ಊಟ ಮಾಡ್ತವ್ರಾ? ಸರಿ ಸರಿ." ಒಮ್ಮೆ ತುರುವೇಕೆರೆ ಕಡೆಯ ಒಂದು ಮನೆಗೆ ಹೀಗೆ ಫೋನು ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು. ಆ ಕಡೆಯ ಹೆಂಗಸು, "ಮೊನ್ನೆ ಹನ್ನೊಂದನೇ ದಿನದ ಕಾರ್ಯ ಮುಗಿಸ್ದೋ ಸಾರ್" ಎಂದಳು. ಇವರು ಮಂಡಕ್ಕಿ ಅಗಿಯುತ್ತ, "ಒಳ್ಳೇದಾಯ್ತು, ಮಾತ್ರೆ ಮಾತ್ರ ನಿಲ್ಲಿಸ್ಬೇಡಿ" ಎಂದು ಫೋನಿಟ್ಟರು. ನಾನು ವಿಷಯ ಹೇಳಿದೆ. ಸ್ವಲ್ಪವಾದರೂ ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ. "ಹೌದಾ, ಹಂಗಾದ್ರೆ ಆರು ಹಾಕು" ಎಂದರು. ನಮ್ಮ ಫಾರಮ್ಮಿನಲ್ಲಿ ಆರು ಎಂದರೆ ಸತ್ತಿದ್ದಾರೆ ಎಂದರ್ಥ.

ಹಳ್ಳಿಗಳಲ್ಲಿ ಭಾಷಣ ಮಾಡುವುದೆಂದರೆ ಅವರಿಗೆ ಪ್ರಾಣ. ಬಿಳಿಗೆರೆಯಲ್ಲಿ ಒಂದು ಸಭೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದು ಹೇಳಬೇಕಿತ್ತು. ಹೇಳಿದರು, ಅಭಿನಯಿಸಿಯೂ ತೋರಿಸಿದರು, ಜನ ನಕ್ಕರು. ಆಗ ಒಬ್ಬ ಅಜ್ಜಿ ಎದ್ದು, "ಬಿದ್ದೋರ್ಗೆ ಎಳನೀರು ಕುಡಿಸ್ಬೋದೇನಪ್ಪ?" ಎಂದು ಕೇಳಿದಳು. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಯಾರೇ ಬೀಳಲಿ, ಏಕೆ ಬಿದ್ದರೆಂದು ನೋಡುವ ಮುಂಚೆಯೇ ಒಬ್ಬರು ಎಳನೀರು ಕೆತ್ತಿ ಬಾಯಿಗೆ ಹಿಡಿದಿರುತ್ತಾರೆ. ಲಕ್ವ ಹೊಡೆದವರಿಗೆ ನುಂಗುವ ಶಕ್ತಿ ಇರುವುದಿಲ್ಲ. ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪರಮೇಶಪ್ಪನವರು ಕೈಯಲ್ಲಿದ್ದ ಎಳನೀರನ್ನೇ ಎತ್ತಿ ತೋರಿಸಿ, "ಧಾರಾಳವಾಗಿ ಕುಡಿಸಿ ಕಣವ್ವ, ಶಕ್ತಿ ಬತ್ತದೆ" ಎಂದುಬಿಟ್ಟರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಒಂದು ತೊಟ್ಟೂ ಕುಡಿಸಬೇಡಿ ಅಜ್ಜಿ, ಉಸಿರುಕಟ್ಟುತ್ತೆ" ಎಂದೆ. ಸಭೆ ನನ್ನ ಕಡೆ ತಿರುಗಿತು. ಅವರು ನಗುತ್ತಲೇ, "ನಮ್ ಸಿಸ್ಟರ್ ಹೇಳೋದೂ ಸರಿ, ನಾನ್ ಹೇಳಿದ್ದೂ ಸರಿ" ಎಂದು ಮುಗಿಸಿದರು. ಜೀಪಿನಲ್ಲಿ ಬರುವಾಗ ನನ್ನ ಮುಖ ನೋಡದೆ, "ನೀನು ಬಿಪಿ ನೋಡೋದಕ್ಕೆ ಬಂದಿರೋಳು. ಬಿಪಿ ನೋಡು" ಎಂದರು. ಅಂದಿನಿಂದ ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ.

ಇನ್ನು ಕರೆಂಟಿನ ಪಟ್ಟಿಯ ವಿಷಯ. ತೋಟದ ಜನ ಗಡಿಯಾರ ನೋಡಿ ಬೀಳುವುದಿಲ್ಲ. "ಯಾವಾಗ ಆಯ್ತು?" ಎಂದರೆ, "ತ್ರೀಫೇಸ್ ಬಂತಲ್ಲ, ಆವಾಗ" ಅನ್ನುತ್ತಾರೆ. ಬೋರ್‌ವೆಲ್ ಮೋಟಾರಿಗೆ ಬೇಕಾದ ತ್ರೀಫೇಸ್ ಕರೆಂಟು ನಮ್ಮ ಕಡೆ ಪಾಳಿಯ ಮೇಲೆ ಬರುತ್ತದೆ. ಒಂದು ವಾರ ಬೆಳಿಗ್ಗೆ ಆರಕ್ಕೆ ಬಂದರೆ ಮುಂದಿನ ವಾರ ಹತ್ತಕ್ಕೆ, ಒಂದೊಂದು ಊರಿನ ಲೈನಿಗೆ ಒಂದೊಂದು ಪಾಳಿ, ಸೋಮವಾರ ಬದಲಾವಣೆ. ನಾನು ಹೊನ್ನವಳ್ಳಿಯವಳು, ತೋಟದ ಮನೆಯಲ್ಲಿ ಬೆಳೆದವಳು, ನನಗೆ ಇದು ಗೊತ್ತಿತ್ತು. ಪ್ರತಿ ಸೋಮವಾರ ಲೈನ್‌ಮನ್‌ಗೆ ಫೋನು ಮಾಡಿ ಯಾವ ಊರಿಗೆ ಎಷ್ಟು ಗಂಟೆಗೆ ಎಂದು ಬರೆದು, ಬಾಗಿಲ ಪಕ್ಕದ ಗೋಡೆಗೆ ಅಂಟಿಸಲು ಶುರುಮಾಡಿದೆ. ಜನ ಕರೆಂಟಿನ ಲೆಕ್ಕ ಹೇಳಿದರೆ ಪಟ್ಟಿ ನೋಡಿ ಗಂಟೆ ಬರೆಯಬಹುದು. ಡಾಕ್ಟರ್ ಮೇಡಂ ಬಹಳ ಮೆಚ್ಚಿದರು.

ಬೆಂಗಳೂರಿನಿಂದ ಅಧ್ಯಯನ ನೋಡಲು ದೊಡ್ಡವರು ನಾಲ್ಕು ಜನ ಬಂದರು. ಪರಮೇಶಪ್ಪನವರು ಆ ಪಟ್ಟಿಯ ಮುಂದೆ ನಿಂತು, "ಇದು ನನ್ನ ಸ್ವಂತ ಐಡಿಯಾ ಸಾರ್, ಈ ಜನದ ನಾಡಿ ನನಗೆ ಗೊತ್ತು" ಎಂದು ಶುರುಮಾಡಿ ಇಪ್ಪತ್ತು ನಿಮಿಷ ಮಾತಾಡಿದರು. ಗೋಡೆಯ ಮೇಲಿದ್ದದ್ದು ನನ್ನ ಅಕ್ಷರ. ಬಂದವರು ಫೋಟೋ ತೆಗೆದುಕೊಂಡರು. ಅವರಲ್ಲೊಬ್ಬರು ನನ್ನ ಕಡೆ ನೋಡಿದಾಗ ಇವರು, "ಸಿಸ್ಟರ್, ಕಾಫಿ ಏನಾಯ್ತು ನೋಡಮ್ಮ" ಎಂದರು. ನಾನು ಹೋಗಿ ಕಾಫಿ ತಂದೆ. ಬಂದವರು ಹೋದ ಮೇಲೆ ಇವರು, "ಇನ್ಮೇಲೆ ಪಟ್ಟಿ ನಾನೇ ಬರೀತೀನಿ, ನೀನು ಮುಟ್ಬೇಡ" ಎಂದರು. ಮುಟ್ಟಲಿಲ್ಲ.

ಅದಾಗಿ ಮೂರನೆಯ ವಾರ, ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ ಜಯಮ್ಮನನ್ನು ಕರೆತಂದರು. ನಮ್ಮ ಊರಿನ ಲೈನಿನಲ್ಲೇ ಮುಂದಿನ ಹಳ್ಳಿಯವಳು, ಐವತ್ತರ ಆಸುಪಾಸು, ಸುತ್ತಲಿನ ಊರಿನವರಿಗೆಲ್ಲ ರವಿಕೆ ಹೊಲಿಯುವವಳು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ನಿಂತಿತ್ತು. ಎಚ್ಚರವಿತ್ತು. ಜೊತೆಗೆ ಬಂದವನು ಅವಳ ಮೈದುನ. "ತ್ರೀಫೇಸ್ ಬಂತು ಸಾರ್, ಅತ್ತಿಗೆ ಮೋಟ್ರು ಹಾಕಕ್ಕೆ ಅಂತ ಹೋಯ್ತು, ಅಲ್ಲೇ ಬಿದ್ದೋಗೈತೆ" ಎಂದ. ಪರಮೇಶಪ್ಪನವರು ಅವನನ್ನು ಹೆಸರು ಬರೆಸಲು ಕೌಂಟರಿಗೆ ಕಳಿಸಿ, ಕನ್ನಡಕ ಏರಿಸಿ ಗೋಡೆಯ ಕಡೆ ನೋಡಿದರು. ಪಟ್ಟಿ ಹೋದ ವಾರದ್ದು. ಆ ಬೆಳಿಗ್ಗೆ ಅವರು ಬದಲಾಯಿಸಿರಲಿಲ್ಲ.

"ಆರು ಗಂಟೆ ಮೇಡಂ" ಎಂದು ಕೂಗಿದರು.

ಸ್ಟ್ರೆಚರಿನ ಮೇಲಿದ್ದ ಜಯಮ್ಮ ತಲೆ ಅಲ್ಲಾಡಿಸಿದಳು. ಎಡಗೈಯಿಂದ ಕಂಬಿಯನ್ನು ಬಡಿದಳು. ಮತ್ತೆ ತಲೆ ಅಲ್ಲಾಡಿಸಿದಳು. "ನೋವಿರ್ಬೇಕು, ಸಮಾಧಾನ ಮಾಡಮ್ಮ ಸಿಸ್ಟರ್" ಎಂದರು ಪರಮೇಶಪ್ಪ. ಸ್ಕ್ಯಾನ್ ಮುಗಿಸಿ ಬಂದ ಮೇಡಂ, "ಟೈಮ್ ಖಚಿತವಾ?" ಎಂದು ಇನ್ನೊಮ್ಮೆ ಕೇಳಿದರು. "ನೂರಕ್ಕೆ ನೂರು" ಎಂದರು ಇವರು. ಆರು ಗಂಟೆಗೆ ಬಿದ್ದವಳಿಗೆ ಆ ಹೊತ್ತಿನಲ್ಲಿ ಇಂಜೆಕ್ಷನ್ ಕೊಡುವ ಹಾಗಿರಲಿಲ್ಲ. ಮೇಡಂ ಬೇರೆ ಮಾತ್ರೆ ಬರೆದು ವಾರ್ಡಿಗೆ ಕಳಿಸಿದರು.

ಸಂಜೆ ನಾಲ್ಕಕ್ಕೆ ಆ ಮೈದುನ ಕಾರಿಡಾರಿನಲ್ಲಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಹತ್ತಕ್ ಕರೆಂಟ್ ಬಂತು ಕಣ್ಲಾ, ಹತ್ತೂಕಾಲಕ್ಕೆಲ್ಲ ಬಿದ್ದೋಗಿತ್ತು. ತಕ್ಷಣ ಕಾರು ಮಾಡ್ಕೊಂಡ್ ಬಂದ್ರೂ ಲೇಟಾಯ್ತು ಅಂತವ್ರಲ್ಲ." ಅಷ್ಟು ಹೊತ್ತಿಗೆ ನಾಲ್ಕೂವರೆ ತಾಸು ನಿಜವಾಗಿಯೂ ದಾಟಿಹೋಗಿತ್ತು. ಮೇಡಂ ಕೋಣೆಯ ತನಕ ಎರಡು ಸಲ ಹೋಗಿ ವಾಪಸು ಬಂದೆ. ಆ ಇಂಜೆಕ್ಷನ್ ಕೊಟ್ಟವರೆಲ್ಲ ಎದ್ದು ಓಡಾಡುತ್ತಾರೆ ಎಂದಲ್ಲ, ಅದು ನನಗೆ ಗೊತ್ತು. ಆದರೆ ಅವಳು ಹೊತ್ತಿಗೆ ಸರಿಯಾಗಿ ಬಂದಿದ್ದಳು, ಅವಳ ಪಾಲಿನ ಒಂದು ಅವಕಾಶ ಅವಳಿಗೆ ಸಿಗಬೇಕಿತ್ತು.

ಮೂರು ತಿಂಗಳಾದ ಮೇಲೆ ನಾನೇ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಕೂರಿಸಿದ್ದರು. ಬಲಗೈಯನ್ನು ಮಡಿಲಲ್ಲಿ ಇಟ್ಟಿದ್ದರು, ಇಟ್ಟಲ್ಲೇ ಇತ್ತು. ಸೊಸೆ ರಾಗಿ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ನೋಡಿ ಜಯಮ್ಮ "ಅದು" ಎಂದಳು. ಮತ್ತೆ "ಅದು, ಅದು" ಎಂದಳು. "ಇದೊಂದೇ ಮಾತು ಬರೋದು ಕಣಕ್ಕ, ಏನ್ ಬೇಕಾದ್ರೂ ಅದೇ ಅಂತಾರೆ" ಎಂದಳು ಸೊಸೆ. ಹೊಲಿಗೆ ಯಂತ್ರವನ್ನು ಸೊಸೆಯ ತವರಿನ ಕಡೆಯವರು ತೆಗೆದುಕೊಂಡು ಹೋಗಿದ್ದರಂತೆ. ಆಸ್ಪತ್ರೆಗೆ ಬಂದು ಫೈಲು ತೆಗೆದರೆ ಪರಮೇಶಪ್ಪನವರು ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಿ ಫಾರಂ ತುಂಬಿಟ್ಟಿದ್ದರು. 'ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ' ಎಂಬ ಖಾನೆಗೆ ಗುರುತು ಹಾಕಿದ್ದರು.

ಅಧ್ಯಯನ ಮುಗಿಯಿತು. ಅವರಿಗೆ ತುಮಕೂರಿನಲ್ಲಿ ಇದಕ್ಕಿಂತ ದೊಡ್ಡ ಅಧ್ಯಯನದಲ್ಲಿ ಕೆಲಸ ಸಿಕ್ಕಿತು. ಇಂಥವರಿಗೆ ಸಿಗದೆ ಇನ್ಯಾರಿಗೆ ಸಿಗುತ್ತದೆ. ಹೋದ ವರ್ಷ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಹೊಸ ಚೀಟಿ, ಹಸಿರು ದಾರ. ಮುಖ ತಿರುಗಿಸಿ ನಿಂತೆ. ಅವರೇ ಹತ್ತಿರ ಬಂದು, "ಯಾಕಮ್ಮ ಸಿಸ್ಟರ್, ನನ್ ಕಂಡ್ರೆ ಹಿಂಗಾಡ್ತೀಯ? ನಾನೇನ್ ಮಾಡ್ದೆ ನಿಂಗೆ?" ಎಂದರು. ದನಿಯಲ್ಲಿ ನಿಜವಾದ ನೋವಿತ್ತು. ಅದು ಇನ್ನೂ ಅಸಹ್ಯವೆನಿಸಿತು.

"ನಂಗೇನೂ ಮಾಡಿಲ್ಲ ಸಾರ್. ಜಯಮ್ಮನಿಗೆ ಮಾಡಿದ್ರಿ" ಎಂದೆ.

"ಯಾವ ಜಯಮ್ಮ? ಫೈಲ್ ನಂಬರ್ ಹೇಳು."

ಹೇಳಿದೆ. ಕೂಡಲೇ ಅವರ ಮುಖ ಅರಳಿತು. "ಓ, ಅದಾ. ಅದರಲ್ಲಿ ಒಂದು ಖಾನೆನೂ ಖಾಲಿ ಇರ್ಲಿಲ್ಲ ಕಣಮ್ಮ."

ಅಲ್ಲೇ ನಿಂತು ಎಲ್ಲ ಹೇಳಿದೆ. ಪಟ್ಟಿ ಹಳೆಯದಾಗಿತ್ತು, ಹತ್ತೂಕಾಲಕ್ಕೆ ಬಿದ್ದವಳಿಗೆ ನೀವು ಆರು ಎಂದು ಬರೆದಿರಿ, ಇಂಜೆಕ್ಷನ್ ತಪ್ಪಿಹೋಯಿತು, ಈಗ ಅವಳಿಗೆ ಒಂದೇ ಮಾತು ಬರುತ್ತದೆ. ಅವರು ಬಾಯಿಹಾಕದೆ ಕೇಳಿದರು. ಆಮೇಲೆ, "ನೀನೂ ಅಲ್ಲೇ ಇದ್ದೆಯಲ್ಲಮ್ಮ. ಪಟ್ಟಿ ಹಳೇದು ಅಂತ ಆಗ್ಲೇ ಗೊತ್ತಿತ್ತಾ?" ಎಂದರು. ಚುಚ್ಚುವುದಕ್ಕೆ ಕೇಳಿದ್ದಲ್ಲ. ಅಷ್ಟು ಬುದ್ಧಿ ಆ ಮನುಷ್ಯನಿಗೆ ಇರಲಿಲ್ಲ.

ಗೊತ್ತಿತ್ತು. ಅಂದು ಬೆಳಿಗ್ಗೆ ನಮ್ಮ ಮನೆಯಲ್ಲೇ ಅಪ್ಪ, "ಈ ವಾರ ಹತ್ತಕ್ಕೆ ಕರೆಂಟು" ಎಂದು ನಿಧಾನವಾಗಿ ಕಾಫಿ ಕುಡಿಯುತ್ತಿದ್ದರು. ಪರಮೇಶಪ್ಪನವರು ಗೋಡೆ ನೋಡಿ ಆರು ಎಂದು ಕೂಗಿದಾಗ ನಾನು ಜಯಮ್ಮನ ತೋಳಿಗೆ ಬಿಪಿಯ ಪಟ್ಟಿ ಸುತ್ತುತ್ತಿದ್ದೆ. ಅವಳು ಏಕೆ ತಲೆ ಅಲ್ಲಾಡಿಸಿದಳು ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಬಿಪಿ ನೋಡು ಎಂದಿದ್ದರಲ್ಲ, ನೋಡಿದೆ. ಒಂದು ದಿನ, ಒಂದೇ ಒಂದು ದಿನ, ಮೇಡಂ ಮುಂದೆ ಇವರು ಸಿಕ್ಕಿಬೀಳಲಿ ಎಂದು ಕಾದೆ. ಮೇಡಂ ತಾವೇ ಮೈದುನನನ್ನು ಕೇಳಿಯಾರು, ಆಗ ಇವರ ಬಣ್ಣ ಬಯಲಾಗುತ್ತದೆ ಎಂದುಕೊಂಡೆ. ಅವರು ಕೇಳಲಿಲ್ಲ. ನಾನು ಬಾಯಿ ಬಿಡುವಷ್ಟರಲ್ಲಿ ಸ್ಟ್ರೆಚರನ್ನು ವಾರ್ಡಿಗೆ ತಳ್ಳಿಕೊಂಡು ಹೋಗಿದ್ದರು. ಆಮೇಲೂ ಹೊತ್ತಿತ್ತು, ಎರಡು ತಾಸು ಇತ್ತು. ಇಷ್ಟು ಹೊತ್ತು ಏಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆಯಲ್ಲಿ ಅದನ್ನೂ ಕಳೆದೆ.

"ಗೊತ್ತಿತ್ತು ಸಾರ್" ಎಂದೆ.

ತುಮಕೂರಿನ ಬಸ್ಸು ಬಂದು ನಿಂತಿತ್ತು. ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ, "ಹೋಗ್ಲಿ ಬುಡಮ್ಮ. ನಾನ್ಯಾರ್ಗೂ ಹೇಳಕ್ಕೋಗಲ್ಲ" ಎಂದರು.

ಆ ಮನುಷ್ಯನ ಬಾಯಿಂದ ಆ ಮಾತು ಕೇಳಿ ನನಗೆ ಸಮಾಧಾನವಾಯಿತು.