ನಾಯಿಯಿಲ್ಲದ ಸರಪಳಿ

ಸರಪಳಿಯ ಒಂದು ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿತ್ತು. ಕಬ್ಬಿಣ ಅಂಗೈ ಕೊರೆಯದಿರಲೆಂದು ಪದರದ ಮೇಲೆ ಪದರ ಸುತ್ತಿ, ಕೊನೆಯನ್ನು ತಾಮ್ರದ ತಂತಿಯಿಂದ ಬಿಗಿದಿದ್ದರು. ರಬ್ಬರು ಒಣಗಿ ಬಿರಿದಿದ್ದರೂ ಬೆರಳುಗಳು ಒತ್ತಿದ್ದ ತಗ್ಗು ಹಾಗೇ ಇತ್ತು. ಮೂಗಿನ ಹತ್ತಿರ ಹಿಡಿದೆ. ತುಕ್ಕು, ರಬ್ಬರು, ಜೊತೆಗೆ ನಾಲೆ ಏರಿಯ ಒದ್ದೆ ಹುಲ್ಲು... ಹುಲ್ಲಿನ ವಾಸನೆ ಇಷ್ಟು ವರ್ಷ ಉಳಿದಿರಲಾರದು. ಆದರೂ ನನಗೆ ಬಂತು.

ಪೆಟ್ಟಿಗೆಯ ತಳದಿಂದ ಅದನ್ನು ಹೊರತೆಗೆದದ್ದು ಕಳೆದ ಶನಿವಾರ ಸಂಜೆ, ಅಣ್ಣನ ಫೋನು ಬಂದ ಮೇಲೆ. ಮದ್ದೂರಿನಾಚೆ, ಕಬ್ಬಿನ ಗದ್ದೆಗೆ ಬೆನ್ನು ಹಾಕಿದ ಪುಟ್ಟ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ನಾನು ಪಾಠ ಹೇಳುವ ಕಾಲೇಜಿನ, ಮಳವಳ್ಳಿಯ ಕಡೆಯ ಸಹೋದ್ಯೋಗಿಯೊಬ್ಬರ ತೋಟದಲ್ಲಿ ಮಾಸ್ಟಿಫ್ ಮರಿಗಳಾಗಿವೆ. ಬೆಳೆದರೆ ಸೊಂಟದೆತ್ತರ ನಿಲ್ಲುವ ಕಾವಲು ತಳಿ. ಒಂದು ಹೆಣ್ಣುಮರಿ ನಿಮಗೆ ಎಂದಿದ್ದರು; ಅದು ತಾಯಿಯ ಹಾಲು ಬಿಡುವುದರೊಳಗೆ ಬೇಕೋ ಬೇಡವೋ ಹೇಳಬೇಕು. ಈ ವಿಷಯ ಅಣ್ಣನ ಕಿವಿಗೆ ಬಿದ್ದಿತ್ತು.

"ನಿನ್ ತೂಕಕ್ಕಿಂತ ಅದ್ರ ತೂಕ ಜಾಸ್ತಿ ಆಯ್ತದೆ ಕಣಮ್ಮ. ಅದು ನಿನ್ನ ಕಾಯಕಿಲ್ಲ, ನೀನೇ ಅದ್ನ ಕಾಯ್ಬೇಕು. ಒಬ್ಳೇ ಇರಕ್ಕೆ ಭಯ ಆದ್ರೆ ಭಯ ಅನ್ನು. ಸುಮ್ನೆ ಮಂಡ್ಯಕ್ಕೆ ಬಂದ್ಬುಡು."

ಫೋನಿಟ್ಟು ಸರಪಳಿ ಹುಡುಕಿದೆ.

ಅದು ನಮ್ಮ ಪಕ್ಕದ ಮನೆಯ ಡ್ರಿಲ್ ಟೀಚರದು. ಆಗ ನಾವು ಕೆರಗೋಡಿನ ಹತ್ತಿರದ ಹಳ್ಳಿಯಲ್ಲಿದ್ದೆವು, ನಾನಿನ್ನೂ ಚಿಕ್ಕವಳು. ಅವರು ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಒಬ್ಬಂಟಿ ಹೆಂಗಸು, ಮದುವೆಯಾಗಿರಲಿಲ್ಲ. ಕೊರಳಲ್ಲಿ ಸೀಟಿಯ ದಾರ ಬಿಟ್ಟರೆ ಬೇರೇನೂ ಇರಲಿಲ್ಲ, ಊರು ಅದನ್ನು ಗಮನಿಸಿತ್ತು.

ದೊಡ್ಡ ಜಾತಿಯ ನಾಯಿ ಸಾಕುತ್ತೇನೆ ಎಂದು ಅವರು ಹೇಳಿದ ಮೇಲೆ ಮೊದಲು ಬಂದದ್ದು ನಾಯಿಯಲ್ಲ, ಸರಪಳಿ. ದಿನವೂ ಬೆಳಿಗ್ಗೆ ಬರಿಯ ಸರಪಳಿ ಹಿಡಿದು ನಾಲೆ ಏರಿಯ ಮೇಲೆ ನಡೆಯುತ್ತಿದ್ದರು. ಮಳೆ ಹಿಡಿದ ದಿನವೂ, ಹಬ್ಬದ ದಿನವೂ. ಕೆಲವು ಸಲ ಕೊಂಡಿಗೆ ಮರಳು ತುಂಬಿದ ಗೊಬ್ಬರದ ಚೀಲ ಕಟ್ಟಿ ಎಳೆಯುತ್ತಿದ್ದರು. ನಾಲೆಗಿಳಿಯುವ ಸೋಪಾನದಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಅದಕ್ಕಿಂತ ಇನ್ನೇನು ಬೇಕು?

"ಟೀಚ್ರಮ್ಮ, ನಿಮ್ ನಾಯಿ ಎಲ್ಲೋ ಉದುರೋಗದೆ, ನೋಡ್ಕೊಳಿ!"

"ಇನ್ನೂ ಬಂದಿಲ್ಲ ಕಣಮ್ಮ. ನನ್ ಕೈಲಾಯ್ತದಾ ಅಂತ ಮೊದ್ಲು ನನ್ನೇ ನಡೆಸ್ತಾ ಇವ್ನಿ."

"ನಾವೂ ಮದ್ವೆಗ್ ಮುಂಚೆ ಹಿಂಗೇ ಬರೀ ತಾಳಿ ಇಡ್ಕಂಡು ಏರಿ ಮೇಲೆ ತಿರುಗಿದ್ರೆ ಚೆನ್ನಾಗಿತ್ತು ಕಣಕ್ಕ!" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು, ಟೀಚರೂ ನಕ್ಕರು. ಮರುದಿನ ಮತ್ತೆ ಸರಪಳಿ ಹಿಡಿದು ಬಂದರು.

ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ. "ಈಗ ಆಗ್ಲಿಲ್ಲ ಅಂದ್ರೆ ನಂಗೆ ನಾಚ್ಕೆ, ಅಷ್ಟೆಯಾ. ಅದು ಬಂದ್ಮೇಲೆ ಆಗ್ಲಿಲ್ಲ ಅಂದ್ರೆ ಅದ್ರ ಬದುಕೇ ಹಾಳು ಕಣೇ," ಎಂದರು.

ಚಳಿ ಶುರುವಾಗುವ ಹೊತ್ತಿಗೆ ಮರಿ ಬಂತು. ವರ್ಷ ತುಂಬುವುದರೊಳಗೆ ಕರುವಿನಷ್ಟಾಯಿತು. ಟೀಚರು ಸಿದ್ಧರಾಗಿದ್ದರು, ಬೀದಿ ಸಿದ್ಧವಾಗಿರಲಿಲ್ಲ. ನಮ್ಮ ಕಡೆ ಯಾರೂ ಮುಂಬಾಗಿಲಲ್ಲಿ ನಿಂತು ಕರೆಯುವುದಿಲ್ಲ. ಹಿತ್ತಿಲ ಬಾಗಿಲು ತಳ್ಳಿ, ಅಡುಗೆಮನೆಗೆ ಬಂದ ಮೇಲೆ "ಅಕ್ಕೋ, ಒಂಚೂರು ಎಪ್ಪು" ಎಂದು ಹಾಲಿಗೆ ಹೆಪ್ಪು ಕೇಳುತ್ತಾರೆ. ಒಂದು ಮಧ್ಯಾಹ್ನ ಎದುರುಮನೆಯ ದೊಡ್ಡಮ್ಮ ಟೀಚರ ಮನೆಗೆ ಹಾಗೇ ಹೋದರು. ಟೀಚರು ಸ್ಕೂಲಿನಲ್ಲಿದ್ದರು. ನಾಯಿ ಬೊಗಳಲಿಲ್ಲ, ಕಚ್ಚಲಿಲ್ಲ. ಅವರು ಹೊರಬರದಂತೆ ಬಾಗಿಲಿಗೆ ಅಡ್ಡ ನಿಂತಿತು, ಅಷ್ಟೇ. ಟೀಚರು ಬಂದಾಗ ದೊಡ್ಡಮ್ಮ ಹೆಪ್ಪಿಗೆ ತಂದಿದ್ದ ಖಾಲಿ ಲೋಟ ಎದೆಗವಚಿಕೊಂಡು ಅಡುಗೆಕಟ್ಟೆಯ ಮೇಲೆ ಕೂತಿದ್ದರು.

ಬೀದಿಯೆಲ್ಲ ಸೇರಿತು. "ಇದೇನ್ ಊರಾ ಕಾಡಾ? ಮೊದ್ಲು ಅದ್ನ ಎಲ್ಲಾದ್ರೂ ಕಳ್ಸಿ!"

ಟೀಚರು ನಾಯಿಯ ಕುತ್ತಿಗೆಯ ಮೇಲೆ ಕೈಯಿಟ್ಟು ಜಗಲಿಯಲ್ಲಿ ನಿಂತಿದ್ದರು. ದನಿ ಏರಿಸಲಿಲ್ಲ. "ಕಳ್ಸಕಿಲ್ಲ. ಅದು ಅದ್ರ ಕೆಲ್ಸ ಮಾಡ್ಯದೆ. ದೊಡ್ಡಮ್ಮಾರ್ದೂ ತಪ್ಪಿಲ್ಲ. ನೀವೆಲ್ಲ ಹಿತ್ಲಿಂದ ಬತ್ತೀರಿ ಅನ್ನೋದ ನಾನು ಮರ್ತೆ. ತಪ್ಪು ನಂದು, ಸರಿ ಮಾಡೋಳೂ ನಾನೇಯ."

ಆಗ ದೊಡ್ಡಮ್ಮ, "ಅದೆಲ್ಲ ಇರ್ಲಿ, ಎಪ್ಪು ಕೊಟ್ಟಿಯೋ ಇಲ್ವೋ?" ಎಂದರು.

ಅಂದೇ ಹಿತ್ತಿಲ ಬಾಗಿಲಿಗೆ ಚಿಲಕ ಬಿತ್ತು. ಅಂದಿನಿಂದ ಪ್ರತಿ ಸಂಜೆ ಮುಂದಿನ ಕಾಂಪೌಂಡ್ ಗೋಡೆಯ ಮೇಲೆ, ತಟ್ಟೆ ಮುಚ್ಚಿದ ಹೆಪ್ಪಿನ ಬಟ್ಟಲು ಕಾದಿರುತ್ತಿತ್ತು. ಬೀದಿಯವರನ್ನು ಒಬ್ಬೊಬ್ಬರನ್ನಾಗಿ ಜಗಲಿಗೆ ಕರೆದು ಕೂರಿಸಿ, ಸರಪಳಿ ಗಿಡ್ಡ ಹಿಡಿದು, ನಾಯಿಗೆ ಅವರ ಪರಿಚಯ ಮಾಡಿಸಿದರು. ಕೆಲವರು ಬರಲೇ ಇಲ್ಲ. ಹೆಪ್ಪು ಮಾತ್ರ ತೆಗೆದುಕೊಂಡು ಹೋದರು. ಬಟ್ಟಲು ಒಂದು ಸಂಜೆಯೂ ತಪ್ಪಲಿಲ್ಲ. ಆ ನಾಯಿ ಯಾರನ್ನೂ ಕಚ್ಚದೆ, ಮುದಿಯಾಗಿ, ಅವರ ಜಗಲಿಯಲ್ಲೇ ಸತ್ತಿತು.

ಆಮೇಲೆ ಅವರಿಗೆ ಶಿವನಸಮುದ್ರದ ಕಡೆಗೆ ವರ್ಗವಾಯಿತು. ಸಾಮಾನು ಹೇರುವಾಗ ಸರಪಳಿಯನ್ನು ನನ್ನ ಕೈಗಿಟ್ಟರು. "ನಾಯಿ ಸಾಕು ಅಂತಲ್ಲ ಕಣೇ. ನಿನ್ ಕೈಲಾಗಲ್ಲ ಅಂತ ಯಾರಾರಾ ಅಂದಾಗ ಇರ್ಲಿ."

ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಅವರು ತೀರಿಕೊಂಡರು. ಸುದ್ದಿ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಒಂದು ಸಲ ಬಸ್ಸು ಹತ್ತಿ ಹೋಗಿ ನೋಡಿ ಬರಬೇಕೆಂದುಕೊಂಡಿದ್ದು... ಹಾಗೇ ಉಳಿಯಿತು. ಈಗ ಕೇಳಬೇಕೆನಿಸುವುದನ್ನು ಕೇಳಲು ಅವರಿಲ್ಲ.

ಶನಿವಾರ ಸಂಜೆ ಸರಪಳಿ ಮಡಿಲಲ್ಲಿಟ್ಟುಕೊಂಡು ಯೋಚಿಸಿದೆ. ನಾನು ಕಾಲೇಜಿಗೆ ಹೋದಾಗ ಮರಿಯ ಜೊತೆ ಯಾರು? ಪಕ್ಕದ ಗದ್ದೆಯವರು ನೀರು ಕುಡಿಯಲು ನನ್ನ ಹಿತ್ತಿಲಿಗೇ ಬರುತ್ತಾರೆ, ಅವರಿಗೇನು ಹೇಳುವುದು? ಜ್ವರ ಬಂದ ದಿನ ನಡೆಸುವವರು ಯಾರು? ಇದಕ್ಕೆಲ್ಲ ಉತ್ತರ ಹುಡುಕಬೇಕಾದವಳು ನಾನು, ಅಣ್ಣನಲ್ಲ. ಮರಿ ಬಂದರೂ ಬರದಿದ್ದರೂ ಈ ಮನೆ ಬಿಡುವುದಿಲ್ಲ ಎಂದು ಅವನಿಗೆ ಮೆಸೇಜು ಕಳಿಸಿದೆ.

ಮರುದಿನ ಬೆಳಿಗ್ಗೆ ಬಿರಿದ ರಬ್ಬರಿನ ಮೇಲೆ ಹೊಸ ಟ್ಯೂಬು ಸುತ್ತಿ, ಸರಪಳಿ ಹಿಡಿದು ಹೊರಟೆ. ಡೈರಿಗೆ ಹಾಲು ಕೊಂಡೊಯ್ಯುತ್ತಿದ್ದ ಹೆಂಗಸು ಕ್ಯಾನು ಕೆಳಗಿಟ್ಟು ನೋಡಿದಳು.

"ಏನ್ ಮೇಡಮ್ಮೋರೆ, ನಾಯಿ ಕಿತ್ಕಂಡು ಓಡೋಯ್ತಾ?"

"ಇನ್ನೂ ಬಂದಿಲ್ಲ," ಎಂದೆ.

ಮುಖ ಬಿಸಿಯಾಯಿತು. ಸರಪಳಿಯನ್ನು ದುಪಟ್ಟದೊಳಗೆ ಮರೆಮಾಡಬಹುದಿತ್ತು, ಮಾಡಲಿಲ್ಲ. ಕೊಂಡಿಯನ್ನು ನೆಲಕ್ಕೆ ಬಿಟ್ಟೆ. ಅದು ಮಣ್ಣಿನಲ್ಲಿ ಗೀರು ಎಳೆಯುತ್ತಾ ನನ್ನ ಹಿಂದೆ ಬಂತು.